ಇನ್ನೂರ ಐವತ್ತಾರನೇ ಹೊರಳು

ಗುರುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಮತ್ತೋಡಿನಿಂದ ಕೆಂಚಕ್ಕನ ಫೋನ್ ಬಂತು. ಮೊಟ್ಟೆ ಇಟ್ಟು ಹದಿನೇಳು ದಿನ ತುಂಬಿ ಹದಿನೆಂಟಕ್ಕೆ ಬಿದ್ದಿತ್ತು. ಮಷೀನು ಮಾತ್ರ ಏಳನೇ ದಿನ ಎಂದು ತೋರಿಸುತ್ತಿತ್ತು.

ಶಿಫಾ ಚಿತ್ರದುರ್ಗದ ಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಒಲೆ ಸಣ್ಣ ಮಾಡಿ ಫೋನ್ ಕಿವಿಗಿಟ್ಟುಕೊಂಡಳು.

"ಶಿಫಮ್ಮ, ಮತ್ತೆ ಹಂಗೇ ಆಗೈತೆ ನೋಡು," ಎಂದಳು ಕೆಂಚಕ್ಕ.

"ಎಷ್ಟು ತೋರಿಸ್ತೈತೆ?"

"ದಿನ ಏಳು. ಅದರ ಕೆಳಗೆ ಹೊರಳು ನೂರ ನಲವತ್ತಾರು."

ಆ ಮಷೀನು ಮಾಡಿದವಳು ಶಿಫಾ. ನಾಟಿ ಕೋಳಿಯ ತೊಂಬತ್ತಾರು ಮೊಟ್ಟೆ ಹಿಡಿಯುವ ಕಾವಿನ ಪೆಟ್ಟಿಗೆ. ಪೆಟ್ಟಿಗೆ, ಹೀಟರು, ತಟ್ಟೆ ಹೊರಳಿಸುವ ಸಣ್ಣ ಮೋಟರು ಅವಳ ತಂದೆ ರಹಮತ್ ಉಲ್ಲಾ ಅವರ ಕೈಕೆಲಸ. ಅವರು ಮೂವತ್ತು ವರ್ಷದಿಂದ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವವರು. ಒಳಗಿನ ಕಂಪ್ಯೂಟರ್ ಚಿಪ್, ಅದಕ್ಕೆ ಬರೆದ ಪ್ರೋಗ್ರಾಂ ಶಿಫಾಳದು. ಹೊಸದುರ್ಗದ ಮಹಿಳಾ ಒಕ್ಕೂಟವೊಂದು ಮೊದಲ ಕಂತಿಗೆ ಆರು ಮಷೀನು ಕೊಂಡು, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಆರು ಮಂದಿಗೆ ಹಂಚಿತ್ತು. ಐದು ಚೆನ್ನಾಗಿ ನಡೆಯುತ್ತಿದ್ದವು. ಹಿರಿಯೂರಿನ ಜಮೀರನ ಮನೆಯಲ್ಲಿ ತೊಂಬತ್ತಾರಕ್ಕೆ ಎಂಬತ್ತನಾಲ್ಕು ಮರಿ ಬಂದಿದ್ದವು. ಕೆಂಚಕ್ಕನ ಮನೆಯಲ್ಲಿ ಹೋದ ತಿಂಗಳು ತೊಂಬತ್ತಾರಕ್ಕೆ ಬಂದದ್ದು ಹನ್ನೊಂದು.

ಕಾವಿಗೆ ಕೂತ ಕೋಳಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಲೇ ಇರುತ್ತದೆ, ಇಲ್ಲವಾದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಆ ಕೆಲಸವನ್ನು ಮಷೀನಿನಲ್ಲಿ ತಟ್ಟೆ ಮಾಡುತ್ತದೆ: ತಾಸಿಗೊಮ್ಮೆ ಎಡಕ್ಕೆ, ಮುಂದಿನ ತಾಸಿಗೆ ಬಲಕ್ಕೆ ವಾಲುತ್ತದೆ. ದಿನಕ್ಕೆ ಇಪ್ಪತ್ತನಾಲ್ಕು ಹೊರಳು. ಹದಿನೆಂಟು ದಿನ ತುಂಬಿ ನಾನೂರ ಮೂವತ್ತೆರಡು ಹೊರಳಾದ ಮೇಲೆ ತಟ್ಟೆ ನಿಲ್ಲಬೇಕು, ಒಳಗೆ ತೇವ ಹೆಚ್ಚಬೇಕು. ಆ ಹೊತ್ತಿಗೆ ಮರಿ ಒಳಗೇ ತಿರುಗಿ, ಕೊಕ್ಕನ್ನು ಗಾಳಿ ಇರುವ ಕಡೆ ಇಟ್ಟುಕೊಂಡು ಚಿಪ್ಪು ಒಡೆಯಲು ಅಣಿಯಾಗುತ್ತದೆ. ಆಗಲೂ ತಟ್ಟೆ ವಾಲುತ್ತಿದ್ದರೆ ಬಹಳಷ್ಟು ಮರಿಗಳು ಹೊರಗೆ ಬರಲಾರದೆ ಸಾಯುತ್ತವೆ. ಹೋದ ತಿಂಗಳು ಆದದ್ದು ಅದು. ಏಳನೇ ದಿನ ಎಂದುಕೊಂಡ ಮಷೀನು ಇನ್ನೂ ಹನ್ನೊಂದು ದಿನ ಹೊರಳಿಸುತ್ತಲೇ ಇರುತ್ತದೆ.

"ಬೇಜಾರು ಮಾಡ್ಕಬೇಡ್ರಿ ಕೆಂಚಕ್ಕ," ಎಂದಳು ಶಿಫಾ. "ಕೆಂಪು ಬಟನ್ ಯಾರೋ ಒತ್ತಿರಬೇಕು. ಒರೆಸಾಗ ಕೈ ತಾಗಿರ್ತೈತೆ."

"ಒತ್ತಿದ್ರೆ ಒಂದನೇ ದಿನಕ್ಕೆ ಬರಬೇಕಲ್ಲವ್ವ. ಏಳು ಯಾಕೆ ಬರ್ತೈತೆ?"

"ಆರು ದಿನದ ಹಿಂದೆ ಒತ್ತಿದ್ರೆ ಇವತ್ತಿಗೆ ಏಳಾಗುತ್ತೆ."

"ನೆನ್ನೆ ಹೊತ್ತು ಮುಳುಗಾಗ ಹದಿನೇಳು ಅಂತಿತ್ತು. ಈ ಕಣ್ಣಾಗೆ ನೋಡೀನಿ. ನನ್ನ ಕಣ್ಣು ಬ್ಯಾಡ ಅಂದ್ರೆ ಬಿಡು, ಫೋಟೋ ಕಳಿಸ್ತೀನಿ. ಹೋದ ಸರ್ತಿ ಬಟನ್ ಒತ್ತೀರಿ ಅಂತ ಕಾಗದ ಬರೆದೆಯಲ್ಲ, ಅದಕ್ಕೇ ಈ ಸರ್ತಿ ಮೊಟ್ಟೆ ಇಟ್ಟ ದಿನವೇ ಬಟನ್ ಮ್ಯಾಲೆ ಸಗಣಿ ಮೆತ್ತೀನಿ."

ಚಿತ್ರ ಬಂತು. ಮಷೀನಿನ ಮುಂಭಾಗದಲ್ಲಿ, ಕೆಂಪು ಬಟನ್ ಇರಬೇಕಾದ ಜಾಗದಲ್ಲಿ ಅಂಗೈ ಅಗಲದ ಸಗಣಿ ಬಿಲ್ಲೆ. ಅದರ ಮೇಲೆ ಮೂರು ಬೆರಳಿನ ಗುರುತು. ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ಒಂದು ಬಿರುಕೂ ಇರಲಿಲ್ಲ. ವಾಡೆಯೆಂಬ ಮಣ್ಣಿನ ಕಣಜಕ್ಕೆ ರಾಗಿ ತುಂಬಿ ಬಾಯಿ ಮುಚ್ಚಿದ ಮೇಲೆ ಆ ಕಡೆಯ ಮನೆಗಳಲ್ಲಿ ಹೀಗೆಯೇ ಮೆತ್ತಿ ಬೆರಳೊತ್ತುತ್ತಾರೆ. ಒಡೆಯದೆ ಯಾರೂ ಒಳಗೆ ಕೈ ಹಾಕಲಾಗದು. ಒಡೆದು ಮತ್ತೆ ಮೆತ್ತಿದರೆ ಬಣ್ಣ ಬೇರೆಯಾಗುತ್ತದೆ, ಬೆರಳು ಬೇರೆಯಾಗುತ್ತದೆ.

ಶಿಫಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಒಲೆ ಆರಿಸಿದಳು.

"ಕೆಂಚಕ್ಕ, ಈ ಸಲ ಕರೆಂಟ್ ಎಷ್ಟು ಸಲ ಹೋಗಿತ್ತು, ನೆನಪೈತಾ?"

"ನೆನಪ್ಯಾಕೆ, ಕ್ಯಾಲೆಂಡರ್‌ನಾಗೆ ಬರೆದೀನಿ. ಕಾವಿಗೆ ಕುಂತ ಕೋಳಿ ಗೂಡು ಬಿಟ್ಟು ಎಷ್ಟೊತ್ತು ಹೋಗಿತ್ತು ಅಂತ ನಮ್ಮತ್ತೆ ಗೋಡೆ ಮ್ಯಾಲೆ ಗೀರು ಹಾಕ್ತಿದ್ಲು. ನಾನು ತಟ್ಟೆ ಹೊರಳದ ಸರ್ತಿ ಬರೀತೀನಿ. ಎರಡನೇ ದಿನ ಒಂದು. ಐದಕ್ಕೆ ಎರಡು. ಒಂಬತ್ತಕ್ಕೆ ಒಂದು. ಆಮ್ಯಾಕೆ ಒಂದು ವಾರ ಹೋಗಿರಲಿಲ್ಲ. ನೆನ್ನೆ ಸಂಜೆ ಏಳಕ್ಕೆ ಹೋಗಿ ಒಂಬತ್ತಕ್ಕೆ ಬಂತು, ಎರಡು. ಕಂಬಳಿ ಹೊಚ್ಚಿದ್ದೆ, ಬಿಸಿ ಆರಿಲ್ಲ."

ಒಟ್ಟು ಆರು. ಮೊಟ್ಟೆ ಇಟ್ಟದ್ದು ಸೋಮವಾರ ಬೆಳಿಗ್ಗೆ ಆರಕ್ಕೆ. ಹದಿನೇಳು ದಿನಕ್ಕೆ ನಾನೂರ ಎಂಟು ಹೊರಳು ಆಗಬೇಕಿತ್ತು, ಆರು ತಪ್ಪಿದ್ದರಿಂದ ನಾನೂರ ಎರಡು. ಪರದೆಯ ಮೇಲೆ ಇದ್ದದ್ದು ನೂರ ನಲವತ್ತಾರು. ಹಾಲಿನ ಪ್ಯಾಕೆಟ್ಟಿನ ಮೇಲೆ ಪೆನ್ನಿನಲ್ಲಿ ಶಿಫಾ ಕಳೆದು ನೋಡಿದಳು. ವ್ಯತ್ಯಾಸ ಇನ್ನೂರ ಐವತ್ತಾರು.

ಬೇರೆ ಯಾವ ಸಂಖ್ಯೆ ಬಂದಿದ್ದರೂ ಅವಳು ವಾದಿಸಬಹುದಿತ್ತು. ಇನ್ನೂರ ಐವತ್ತಾರು ಬಂದ ಮೇಲೆ ವಾದ ಮುಗಿಯಿತು.

"ಕೆಂಚಕ್ಕ, ಏನೂ ಮುಟ್ಟಬೇಡ್ರಿ. ನಾನು ಬರ್ತೀನಿ."

"ಬೇಗ ಬಾ. ಗ್ರೂಪಿನಾಗೆ ಹಾಕಿದ್ದಕ್ಕೆ ದಾಕ್ಷಾಯಿಣಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಆಟೋ ತರ್ತೀನಿ ಅಂದಾಳೆ. ಮಷೀನು ಹಾಲುರಾಮೇಶ್ವರದ ಇನ್ಯಾರಿಗೋ ಹೋಗ್ತೈತಂತೆ. ನೀನೇ ಹೇಳು ಅವಳಿಗೆ. ನನ್ನ ಮಾತು ಅಲ್ಲಿ ನಡೆಯಲ್ಲ."

ಅದು ನಡೆಯದಿರುವುದಕ್ಕೆ ಕಾರಣ ಶಿಫಾಳ ಕಾಗದ. ಮೊದಲ ಸಲ ಮರಿ ಬರದಿದ್ದಾಗ ಒಕ್ಕೂಟದ ಕಾರ್ಯದರ್ಶಿ ದಾಕ್ಷಾಯಿಣಿ ವರದಿ ಕೇಳಿದ್ದಳು. ಐದು ಮಷೀನು ಸರಿಯಿದ್ದು ಒಂದೇ ತಪ್ಪಿದರೆ ತಪ್ಪು ಬಳಸಿದವರದೇ ಇರಬೇಕು ಎಂದು ಶಿಫಾ ಲೆಕ್ಕ ಹಾಕಿದ್ದಳು. 'ಬಳಕೆದಾರರು ಮಧ್ಯದಲ್ಲಿ ರೀಸೆಟ್ ಬಟನ್ ಒತ್ತಿರುವುದರಿಂದ' ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಕಳಿಸಿದ್ದಳು. ಇನ್ನೊಮ್ಮೆ ಹೀಗಾದರೆ ಮಷೀನು ಬೇರೆಯವರಿಗೆ ಎಂದು ಸಮಿತಿ ಠರಾವು ಮಾಡಿತ್ತು.

ಅಂಗಡಿ ಮನೆಯ ಮುಂಭಾಗದಲ್ಲೇ. ಶಿಫಾ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮಿನ ಎಂಬತ್ತಮೂರನೇ ಸಾಲಿಗೆ ಬಂದಳು. ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ.

ಚಿಪ್‌ನಲ್ಲಿ ಎರಡು ಬಗೆಯ ಮೆಮೊರಿ. ಒಂದು ಕರೆಂಟ್ ಇರುವ ತನಕ ಇರುತ್ತದೆ. ಇನ್ನೊಂದು ಕರೆಂಟ್ ಹೋದರೂ ಉಳಿಯುತ್ತದೆ. ಹೊರಳಿನ ಲೆಕ್ಕ ಮೊದಲನೆಯದರಲ್ಲಿ ಏರುತ್ತಿತ್ತು. ಅಲ್ಲಿ ಅದಕ್ಕೆ ಎರಡು ಮನೆಯ, ಅಂದರೆ ಎರಡು ಬೈಟಿನ ಜಾಗ, ಸಾವಿರಗಟ್ಟಲೆ ಹಿಡಿಯುತ್ತದೆ. ಪ್ರತಿ ಹೊರಳಿನ ನಂತರ ಆ ಲೆಕ್ಕವನ್ನು ಎರಡನೆಯದರಲ್ಲಿ ಬರೆದಿಡಲು ಅವಳು ಕೊಟ್ಟದ್ದು ಒಂದೇ ಮನೆ. ಒಂದು ಮನೆ ಸೊನ್ನೆಯಿಂದ ಇನ್ನೂರ ಐವತ್ತೈದರ ತನಕ ಹಿಡಿಯುತ್ತದೆ. ಇನ್ನೂರ ಐವತ್ತಾರು ಬರೆಯಹೋದರೆ ಸೊನ್ನೆ ಉಳಿಯುತ್ತದೆ, ಇನ್ನೂರ ಐವತ್ತೇಳಕ್ಕೆ ಒಂದು. ಚಿಪ್ ತಕರಾರು ಮಾಡುವುದಿಲ್ಲ. ಪ್ರೋಗ್ರಾಮನ್ನು ಚಿಪ್‌ನ ಭಾಷೆಗೆ ಇಳಿಸುವ ಕಂಪೈಲರೂ ಎಚ್ಚರಿಕೆ ಕೊಟ್ಟಿರಲಿಲ್ಲ.

ಕರೆಂಟ್ ಇರುವ ತನಕ ಪರದೆಯ ಮೇಲಿನ ಲೆಕ್ಕ ಸರಿಯೇ. ಹನ್ನೊಂದನೇ ದಿನದ ನಂತರ ಕರೆಂಟ್ ಒಮ್ಮೆ ಹೋಗಿ ಬಂದರೆ ಸಾಕು, ಮಷೀನು ಬರೆದಿಟ್ಟದ್ದನ್ನು ಓದಿ ಇನ್ನೂರ ಐವತ್ತಾರು ಹಿಂದಕ್ಕೆ ಹೋಗುತ್ತದೆ. ಬುಧವಾರ ಸಂಜೆ ಏಳಕ್ಕೆ ಮುನ್ನೂರ ತೊಂಬತ್ತಮೂರು ಇದ್ದದ್ದು ಒಂಬತ್ತಕ್ಕೆ ನೂರ ಮೂವತ್ತೇಳಾಗಿ ಎದ್ದಿತ್ತು.

ರಹಮತ್ ಉಲ್ಲಾ ಬಂದು ಹಿಂದೆ ನಿಂತಿದ್ದರು. ಮನೆಯಲ್ಲಿ ಅವರದು ಉರ್ದು.

"ಹಳೇ ಕರೆಂಟ್ ಮೀಟರ್ ಇದ್ದಂಗೆ," ಎಂದರು ಅವರು, ಮಗಳು ಹೇಳಿದ್ದನ್ನೆಲ್ಲ ಕೇಳಿ. "ನಾಲ್ಕು ಗಾಲಿ. ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು ಆದಮೇಲೆ ನಾಲ್ಕೂ ಸೊನ್ನೆ. ಉರಿಸಿದ ಕರೆಂಟ್ ಎಲ್ಲಿ ಹೋಯ್ತು ಅಂತ ಮೀಟರಿಗೆ ಗೊತ್ತಿಲ್ಲ."

"ಹೌದು ಅಬ್ಬಾ."

"ನೀನು ಇಪ್ಪತ್ತೊಂದು ದಿನ ಓಡಿಸಿ ನೋಡಿದ್ದೆಯಲ್ಲ."

"ಇಲ್ಲಿ ಓಡಿಸಿದೆ. ಇಲ್ಲಿ ಇನ್ವರ್ಟರ್ ಇದೆ. ಪ್ಲಗ್ ಕಿತ್ತು ನೋಡಿದ್ದು ಮೊದಲ ಎರಡು ದಿನದಲ್ಲಿ, ನಾಲ್ಕು ಸಲ. ನಾಲ್ಕೂ ಸಲ ಸರಿ ಬಂತು."

"ಜಮೀರನಲ್ಲಿ?"

"ಇನ್ವರ್ಟರ್. ಐದೂ ಮನೆಯಲ್ಲಿ ಇನ್ವರ್ಟರ್. ಕೆಂಚಕ್ಕನ ಮನೆಯಲ್ಲಿ ಮಾತ್ರ ನೇರ ಲೈನು."

ಹನ್ನೆರಡು ಮಷೀನುಗಳ ಎರಡನೇ ಆರ್ಡರ್ ಶುಕ್ರವಾರ ಸಮಿತಿಯ ಮುಂದೆ ಬರುವುದಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಒಂದು ದಾರಿ ಸುಲಭವಾಗಿತ್ತು: ತಟ್ಟೆಯ ಮೋಟರಿನ ತಂತಿ ಕಿತ್ತಿಡಲು ಕೆಂಚಕ್ಕನಿಗೆ ಫೋನಿನಲ್ಲೇ ಹೇಳಿ, ಆಟೋ ನಿಲ್ಲಿಸಲು ದಾಕ್ಷಾಯಿಣಿಗೆ ಏನೋ ಒಂದು ಕಾರಣ ಹೇಳಿ, ಪ್ರೋಗ್ರಾಮನ್ನು 'ಸರ್ವಿಸ್' ಹೆಸರಿನಲ್ಲಿ ಆರು ಕಡೆಯೂ ಬದಲಿಸುವುದು. ಯಾರೂ ಕೇಳುತ್ತಿರಲಿಲ್ಲ. ಕೆಂಚಕ್ಕನ ಹೆಸರು ಫೈಲಿನಲ್ಲಿ ಹಾಗೇ ಉಳಿಯುತ್ತಿತ್ತು.

"ಅಬ್ಬಾ, ಫೋನಲ್ಲೇ ಹೇಳಿಬಿಡಲಾ?"

"ನೀನು ಕಾಗದದಲ್ಲಿ ಬರೆದದ್ದು," ಎಂದರು ಅವರು. "ಬಾಯಲ್ಲಿ ಹೇಳಿದ್ರೆ ಅದು ಅಳಿಸಲ್ಲ. ಏಳೂವರೆ ಬಸ್ಸಿಗೆ ಹೋಗು. ಮಷೀನಿಗೆ ಹಾಕಿದಂಥದೇ ಹಳೇ ಬೋರ್ಡು ಒಂದು ಇದೆ, ತಗೊಂಡು ಹೋಗು. ಕಣ್ಣಿಗೆ ಕಂಡರೆ ನಂಬ್ತಾರೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊಳಲ್ಕೆರೆ ಬರುವುದರೊಳಗೆ ಶಿಫಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಬತ್ತಮೂರನೇ ಸಾಲು ತಿದ್ದಿದ್ದಳು. ಒಂದು ಮನೆಯ ಬದಲು ಎರಡು. ಇನ್ನೂರ ಐವತ್ತಾರು ತುಂಬಿದಾಗಲೆಲ್ಲ ಪಕ್ಕದ ಮನೆಯಲ್ಲಿ ಒಂದು ಏರುತ್ತದೆ. ಕೆಲಸ ಮುಗಿಯಿತೆಂದುಕೊಂಡು ಮುಚ್ಚಿಟ್ಟಳು.

ಹೊಸದುರ್ಗದ ಒಕ್ಕೂಟದ ಕಚೇರಿ ಮುಂದೆ ಗೂಡ್ಸ್ ಆಟೋ ಆಗಲೇ ನಿಂತಿತ್ತು. ದಾಕ್ಷಾಯಿಣಿ ಹಣೆಗೆ ವಿಭೂತಿ, ಕೈಯಲ್ಲಿ ಫೈಲು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಐವತ್ತರ ಹೆಂಗಸು, ನಿವೃತ್ತಿಗೆ ಮುಂಚೆಯೇ ಶಾಲೆಯ ಟೀಚರ್ ಕೆಲಸ ಬಿಟ್ಟು ಒಕ್ಕೂಟಕ್ಕೆ ಬಂದವಳು. ಈಗಲೂ ಯಾರ ಮಾತನ್ನೂ ಎರಡು ಸಲ ಕೇಳದೆ ಬರೆದುಕೊಳ್ಳುವುದಿಲ್ಲ.

"ನಮ್ಮ ಮನೇಲಿ ಮೊಟ್ಟೆ ಅಂತ ಬಾಯಲ್ಲಿ ಅನ್ನಂಗಿಲ್ಲ," ಎಂದಳು ಶಿಫಾಳನ್ನು ನೋಡಿ. "ನನ್ನ ಫೈಲು ತೆಗೆದ್ರೆ ಬರೀ ಮೊಟ್ಟೆ. ಏನಮ್ಮ ಬಂದೆ?"

"ತಪ್ಪು ನಂದು, ಅಕ್ಕ. ಕೆಂಚಕ್ಕ ಬಟನ್ ಒತ್ತಿಲ್ಲ."

"ಒತ್ತಿದಾಳೆ ಅಂತ ಬರೆದುಕೊಟ್ಟವಳು ನೀನೇ ಅಲ್ವಾ?"

"ನಾನೇ."

"ಹೋದ ತಿಂಗಳು ಒತ್ತಿದಾಳೆ, ಈ ತಿಂಗಳು ಒತ್ತಿಲ್ಲ. ನಾನು ಯಾವುದನ್ನ ಓದಲಿ?"

ಶಿಫಾ ವಿವರಿಸಲು ಹೊರಟಳು. ದಾಕ್ಷಾಯಿಣಿ ಕೈ ಅಡ್ಡ ಹಿಡಿದಳು. "ನಡುಬೀದೀಲಿ ಬೇಡ. ನಾನು ಹೆಂಗಿದ್ರೂ ಮತ್ತೋಡಿಗೆ ಹೋಗ್ತಾ ಇದೀನಿ. ಅಲ್ಲೇ ತೋರಿಸು. ತೋರಿಸಿದ್ರೆ ಆಟೋ ಖಾಲಿ ಬರ್ತದೆ, ಇಲ್ಲ ಅಂದ್ರೆ ತುಂಬ್ಕೊಂಡು ಬರ್ತದೆ. ಹತ್ತು, ಹೋಗಾಣ."

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಟೋ ಕೆಂಚಕ್ಕನ ಮನೆ ಮುಂದೆ ನಿಂತಿತು. ಕೆಂಚಕ್ಕ ಬಾಗಿಲಲ್ಲೇ ಇದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಆಟೋವನ್ನು ಒಮ್ಮೆ, ಶಿಫಾಳನ್ನು ಒಮ್ಮೆ ನೋಡಿದಳು.

"ಬರ್ರಿ ದಾಕ್ಷಾಯಿಣಮ್ಮ, ಕುಂತ್ಕಳ್ರಿ. ಹೊರೋರು ಎಷ್ಟು ಜನ ಬಂದೀರಿ? ಭಾರ ಐತೆ, ಮೂರು ಜನಕ್ಕೂ ಆಗಲ್ಲ."

"ಹೊರೋದು ಆಮೇಲೆ," ಎಂದಳು ದಾಕ್ಷಾಯಿಣಿ. "ಬಟನ್ ಮೇಲೆ ಸಗಣಿ ಮೆತ್ತಿದೀಯಂತೆ, ಮೊದಲು ಅದನ್ನ ತೋರಿಸು."

ಮಷೀನು ಹಿಂದಿನ ಕೋಣೆಯಲ್ಲಿತ್ತು. ಹಸನಾಗಿ ಗುಡಿಸಿದ ನೆಲ, ಮೂಲೆಯಲ್ಲಿ ಮಡಚಿಟ್ಟ ಕರಿ ಕಂಬಳಿ, ಗೋಡೆಗೆ ಕ್ಯಾಲೆಂಡರ್. ದಾಕ್ಷಾಯಿಣಿ ಕನ್ನಡಕ ಏರಿಸಿಕೊಂಡು ಸಗಣಿ ಬಿಲ್ಲೆಯ ಅಂಚನ್ನು ಸುತ್ತಲೂ ನೋಡಿದಳು. ಕೆಂಚಕ್ಕನ ಮೂರು ಬೆರಳನ್ನು ಹಿಡಿದು ಗುರುತಿನ ಮೇಲೆ ಇಟ್ಟು ನೋಡಿದಳು. ಸರಿಯಾಗಿ ಕೂತವು.

"ಬೆರಳು ನಿಂದೇ. ಇಷ್ಟೊಂದು ಮಾಡೋ ಬದಲು ಬೀಗ ಹಾಕಬಹುದಿತ್ತಲ್ಲೇ."

"ಬೀಗದ ಕೀ ನನ್ನ ಹತ್ರಲೇ ಇರ್ತೈತಲ್ಲ. ನಾನೇ ತೆಗೆದೆ ಅಂತೀರಿ."

ಹಜಾರದಲ್ಲಿ ಕೂತಿದ್ದ ಕೆಂಚಕ್ಕನ ಗಂಡ ಕಾಟಯ್ಯ ನಕ್ಕು ಹೇಳಿದ: "ಹದಿನೆಂಟು ದಿನದಿಂದ ನನ್ನನ್ನ ಆ ಕೋಣೆ ಒಳಗೆ ಬಿಟ್ಟಿಲ್ಲ. ಬೀಡಿ ಸೇದಬ್ಯಾಡ, ಕೆಮ್ಮಬ್ಯಾಡ. ಹೆರಿಗೆ ಮನೆ ಆಗೈತೆ."

ಹನ್ನೊಂದಕ್ಕೆ ಒಳಗೆ ಮೋಟರು ಗುರ್ ಎಂದಿತು. ಗಾಜಿನ ಹಿಂದೆ ತಟ್ಟೆ ನಿಧಾನವಾಗಿ ಬಲಕ್ಕೆ ವಾಲಿತು. ಪರದೆಯ ಮೇಲೆ ನೂರ ಐವತ್ತು ಇದ್ದದ್ದು ನೂರ ಐವತ್ತೊಂದಾಯಿತು. ಕರೆಂಟ್ ಹೋಗಿ ಬಂದಾಗ ಈ ಲೆಕ್ಕ ತಪ್ಪುತ್ತದೆ ಎಂದು ಶಿಫಾ ಹೇಳಿದಳು.

"ಈಗ ಕರೆಂಟ್ ತೆಗೆದು ಹಾಕು," ಎಂದಳು ದಾಕ್ಷಾಯಿಣಿ.

"ಈಗ ತೆಗೆದ್ರೆ ತಪ್ಪು ಕಾಣಿಸಲ್ಲ, ಅಕ್ಕ. ಲೆಕ್ಕ ಇನ್ನೂರ ಐವತ್ತೈದು ದಾಟಿರಬೇಕು."

"ತೆಗಿ ಅಂದೆ."

ಶಿಫಾ ಪ್ಲಗ್ ಕಿತ್ತು ಹಾಕಿದಳು. ನೂರ ಐವತ್ತೊಂದು. ದಾಕ್ಷಾಯಿಣಿ ಕೆಂಚಕ್ಕನ ಕಡೆ ನೋಡಿದಳು. ಕೆಂಚಕ್ಕ ಶಿಫಾಳ ಕಡೆ ನೋಡಿದಳು.

ಶಿಫಾ ಚೀಲದಿಂದ ಹಳೆಯ ಬೋರ್ಡು ತೆಗೆದು ನೆಲದ ಮೇಲಿಟ್ಟು, ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕಿಗೆ ಸಿಕ್ಕಿಸಿದಳು. ಪ್ರೋಗ್ರಾಂ ಅದೇ, ಹಳೆಯದೇ. ತಾಸಿನ ಬದಲು ಸೆಕೆಂಡಿಗೊಂದು ಹೊರಳು ಎಂದು ಮಾತ್ರ ಬದಲಿಸಿದ್ದಳು. ಪುಟ್ಟ ಪರದೆಯ ಮೇಲೆ ಸಂಖ್ಯೆ ಏರತೊಡಗಿತು. ಮೂವರೂ ಬಗ್ಗಿ ಕೂತರು. ನಾಲ್ಕು ನಿಮಿಷ ಕಳೆಯಿತು. ಇನ್ನೂರ ಐವತ್ತೈದು ದಾಟಿತು. ಇನ್ನೂರ ಅರವತ್ತಕ್ಕೆ ಶಿಫಾ ತಂತಿ ಎಳೆದಳು, ಮತ್ತೆ ಹಾಕಿದಳು.

ನಾಲ್ಕು.

"ಇನ್ನೊಂದ್ಸಲ ಮಾಡು," ಎಂದಳು ದಾಕ್ಷಾಯಿಣಿ. "ಈ ಸಲ ನಾನು ಹೇಳಿದಾಗ ತೆಗಿ."

ಇನ್ನೂರ ನಲವತ್ತಕ್ಕೆ ತೆಗೆಸಿದಳು. ಇನ್ನೂರ ನಲವತ್ತೇ ಬಂತು. ಮುನ್ನೂರಕ್ಕೆ ತೆಗೆಸಿದಳು. ನಲವತ್ತನಾಲ್ಕು ಬಂತು. ಫೈಲಿನ ಹಿಂದೆ ಮೂರನ್ನೂ ಬರೆದುಕೊಂಡಳು.

"ಅಂದ್ರೆ ನಿನ್ನ ಮಷೀನಿಗೆ ಇನ್ನೂರ ಐವತ್ತೈದರ ಮ್ಯಾಲೆ ಎಣಿಸಕ್ಕೆ ಬರಲ್ಲ," ಎಂದಳು ಕೆಂಚಕ್ಕ.

"ಎಣಿಸಕ್ಕೆ ಬರ್ತೈತೆ. ನೆನಪಿಟ್ಕಳಕ್ಕೆ ಬರಲ್ಲ. ನಾನು ಕೊಟ್ಟ ಜಾಗ ಸಾಲಲಿಲ್ಲ."

"ಹೋದ ತಿಂಗಳ ಎಂಬತ್ತೈದು ಮೊಟ್ಟೆ?"

"ಅದೂ ಇದರಿಂದಲೇ, ಕೆಂಚಕ್ಕ. ನೀವು ಒತ್ತಿಲ್ಲ ಅಂದ್ರೂ ನಾನು ಕೇಳಲಿಲ್ಲ."

ಕೆಂಚಕ್ಕ ಒಳಗೆ ಹೋಗಿ ಮೂರು ಲೋಟ ಮಜ್ಜಿಗೆ ತಂದಿಟ್ಟಳು. ಶಿಫಾಳ ಲೋಟವನ್ನು ಕೊನೆಗಿಟ್ಟಳು.

ದಾಕ್ಷಾಯಿಣಿ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು. "ನಾಳೆ ಮೀಟಿಂಗು. ಹನ್ನೆರಡು ಮಷೀನಿನ ವಿಷಯ ಐತೆ. ನೀನು ಇದನ್ನ ಬರೆದುಕೊಟ್ರೆ ನಾನು ಓದಲೇಬೇಕು. ಗೊತ್ತಲ್ಲ?"

"ಗೊತ್ತು ಅಕ್ಕ."

"ಬಾಯಲ್ಲಿ ಹೇಳಿದ್ರೆ ನಾನು ಆಟೋ ವಾಪಸ್ ಕಳಿಸ್ತೀನಿ, ಅಷ್ಟೇ."

"ಬರೆದೇ ಕೊಡ್ತೀನಿ. ಹಳೇ ಕಾಗದ ತಪ್ಪು ಅಂತಲೂ ಬರೀತೀನಿ."

ದಾಕ್ಷಾಯಿಣಿ ಫೈಲಿನಿಂದ ಎರಡು ಬಿಳಿ ಹಾಳೆ ತೆಗೆದು ಕೊಟ್ಟಳು. ಶಿಫಾ ಗೋಡೆಗೆ ಒರಗಿ ಕೂತು ಬರೆದಳು. ದಿನಾಂಕ, ಮಷೀನಿನ ನಂಬರು, ಎಂಬತ್ತಮೂರನೇ ಸಾಲು, ನಾನೂರ ಎರಡು, ನೂರ ನಲವತ್ತಾರು. ಕೆಂಚಕ್ಕನ ಕ್ಯಾಲೆಂಡರಿನ ನಾಲ್ಕು ತಾರೀಕುಗಳನ್ನೂ ನಕಲು ಮಾಡಿಕೊಂಡಳು. ಆಟೋದವನು ಎರಡು ಸಲ ಹಾರ್ನ್ ಹೊಡೆದ. ಕಾಟಯ್ಯ ಹೊರಗೆ ಹೋಗಿ ಅವನಿಗೆ ಬೀಡಿ ಕೊಟ್ಟು ಕೂರಿಸಿದ.

ಕಾಗದ ಮುಗಿಸಿ ಶಿಫಾ ಲ್ಯಾಪ್‌ಟಾಪನ್ನು ಮಷೀನಿಗೆ ಸಿಕ್ಕಿಸಲು ತಂತಿ ತೆಗೆದಳು.

"ಈಗೇನು ಮಾಡ್ತೀಯ?" ಎಂದಳು ಕೆಂಚಕ್ಕ.

"ಹೊಸ ಪ್ರೋಗ್ರಾಂ ಹಾಕ್ತೀನಿ. ಒಂದು ಮನೆ ಇದ್ದದ್ದನ್ನ ಎರಡು ಮಾಡೀನಿ. ಮೊದಲನೇ ಮನೆ ತುಂಬಿದಾಗ ಅದು ಸೊನ್ನೆ ಆಗುತ್ತೆ, ಎರಡನೇ ಮನೇಲಿ ಒಂದು ಏರುತ್ತೆ. ಅರವತ್ತೈದು ಸಾವಿರದ ತನಕ ಹಿಡಿಯುತ್ತೆ. ತಾಸಿಗೊಂದರಂತೆ ಏಳು ವರ್ಷ ಬೇಕು ತುಂಬಕ್ಕೆ."

"ರಾಗಿ ಅಳೆದಂಗೆ."

"ಹೆಂಗೆ?"

"ಇಪ್ಪತ್ತು ಸೇರು ಅಳೆದು ಒಂದು ಕಲ್ಲು ಇಡ್ತೀವಿ. ಮತ್ತೆ ಒಂದರಿಂದ ಶುರು. ಕೊನೆಗೆ ಕಲ್ಲು ಎಣಿಸ್ತೀವಿ."

"ಹೂಂ, ಅದೇ. ಇಲ್ಲಿ ಇನ್ನೂರ ಐವತ್ತಾರಕ್ಕೆ ಒಂದು ಕಲ್ಲು."

ಕೆಂಚಕ್ಕ ಮಷೀನಿನ ಕಡೆ ಬೆರಳು ತೋರಿಸಿದಳು.

"ಇಪ್ಪತ್ತನೇ ಸೇರು ಸುರಿದಿರ್ತೀನಿ. ಕಲ್ಲು ಇಡಬೇಕು. ಅಷ್ಟರಾಗೆ ಯಾರೋ ಕರೀತಾರೆ, ಎದ್ದು ಹೋಗ್ತೀನಿ. ಬಂದು ನೋಡಿದ್ರೆ ಕಲ್ಲಿಟ್ಟೆನೋ ಇಲ್ಲವೋ ಗೊತ್ತಾಗಲ್ಲ. ಇಪ್ಪತ್ತು ಸೇರು ಹೋತು. ನಿನ್ನ ಮಷೀನು ಮೊದಲನೇ ಮನೇಗೆ ಸೊನ್ನೆ ಬರೆದು, ಎರಡನೇ ಮನೇಗೆ ಬರೆಯೋದ್ರೊಳಗೆ ಕರೆಂಟ್ ಹೋದ್ರೆ?"

ಶಿಫಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡು ಮನೆಗೆ ಬರೆಯುವ ನಡುವೆ ಇರುವುದು ಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲು. ಅಷ್ಟು ಸಾಕು. ಆ ಹೊತ್ತಿಗೆ ಕರೆಂಟ್ ಹೋದರೆ ಮೊದಲ ಮನೆಯಲ್ಲಿ ಸೊನ್ನೆ, ಎರಡನೆಯದರಲ್ಲೂ ಹಳೆಯ ಸೊನ್ನೆ. ಮಷೀನು ಮತ್ತೆ ಒಂದನೇ ದಿನಕ್ಕೆ ಏಳುತ್ತದೆ. ಅಪರೂಪಕ್ಕೆ ಆಗುವ ತಪ್ಪು, ಆದ್ದರಿಂದ ಈಗಿನದಕ್ಕಿಂತ ಹುಡುಕಲು ಕಷ್ಟ. ಆಗ ಮತ್ತೆ ಯಾರದೋ ಮೇಲೆ ಬಟನ್ ಒತ್ತಿದ ಹೊಣೆ ಬರುತ್ತಿತ್ತು.

"ನೀವು ಆಗ ಏನು ಮಾಡ್ತೀರಿ? ಕಲ್ಲು ಮರೆತಾಗ?"

"ನಾನು ಒಬ್ಬಳೇ ಎಣಿಸಲ್ಲ. ಇವರೂ ಎಣಿಸ್ತಾರೆ. ಇಬ್ಬರದೂ ಕೂಡಿದ್ರೆ ಸರಿ. ಕೂಡದಿದ್ರೆ ನಿಲ್ಲಿಸ್ತೀವಿ, ಮುಂದಕ್ಕೆ ಅಳೆಯಲ್ಲ."

ಶಿಫಾ ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿದಳು.

"ಏನಮ್ಮ, ಹಾಕಲ್ವಾ?" ಎಂದಳು ದಾಕ್ಷಾಯಿಣಿ.

"ಇವತ್ತು ಹಾಕಲ್ಲ ಅಕ್ಕ. ಬಸ್ಸಲ್ಲಿ ಬರೆದದ್ದು ಸರಿಯಿಲ್ಲ. ಇಲ್ಲಿ ಹಾಕೋಕೆ ಮುಂಚೆ ಅಲ್ಲಿ ಕೆಡಿಸಿ ನೋಡಬೇಕು."

ಕಾಗದದ ಕೊನೆಗೆ ಇನ್ನೊಂದು ಪ್ಯಾರಾ ಸೇರಿಸಿದಳು. ತಿದ್ದಿದ ಪ್ರೋಗ್ರಾಮಿನಲ್ಲೂ ಒಂದು ದೋಷ ಇರುವುದನ್ನು ಶ್ರೀಮತಿ ಕೆಂಚಕ್ಕ ಅವರು ತೋರಿಸಿಕೊಟ್ಟಿದ್ದಾರೆ. ಅದು ಸರಿಯಾಗುವ ತನಕ, ಹೊಸದಾಗಿ ಮೊಟ್ಟೆ ಇಡುವುದಾದರೆ, ಆರೂ ಮಷೀನುಗಳನ್ನು ಇನ್ವರ್ಟರ್ ಇದ್ದಲ್ಲಿ ಮಾತ್ರ, ಕೈಲೆಕ್ಕದ ಜೊತೆಗೆ ಬಳಸಬೇಕು. ಸಹಿ ಹಾಕಿದಳು. ದಾಕ್ಷಾಯಿಣಿ ಎರಡು ಸಲ ಓದಿ ಫೈಲಿಗೆ ಸೇರಿಸಿದಳು.

ಪೆಟ್ಟಿಗೆಯ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ತಟ್ಟೆಯ ಮೋಟರಿಗೆ ಹೋಗುವ ನೀಲಿ ತಂತಿಯನ್ನು ಶಿಫಾ ಕೆಂಚಕ್ಕನಿಗೆ ತೋರಿಸಿದಳು. ನಾಳೆ ಬೆಳಿಗ್ಗೆ ಆರಕ್ಕೆ, ತಟ್ಟೆಯನ್ನು ಕೈಯಲ್ಲಿ ಮಟ್ಟ ಮಾಡಿ, ಅದನ್ನು ಎಳೆದುಬಿಡಬೇಕು. ಕೆಳಗೆ ಇನ್ನೊಂದು ಅಗಲದ ತಟ್ಟೆಯಲ್ಲಿ ಬಿಸಿನೀರು ಇಡಬೇಕು. ಆಮೇಲೆ ಬಾಗಿಲು ತೆರೆಯಬಾರದು.

"ಬಾಗಿಲು ತೆರೆಯಬಾರದು ಅಂತ ನೀನು ನನಗೆ ಹೇಳಬೇಕಾ," ಎಂದಳು ಕೆಂಚಕ್ಕ. "ಕರೆಂಟ್ ಹೋದ್ರೆ?"

"ಕಂಬಳಿ."

"ಅದು ಗೊತ್ತಾಯ್ತು ನಿನಗೆ."

ಹನ್ನೆರಡು ಹತ್ತಕ್ಕೆ ಆಟೋ ಖಾಲಿ ಹೊರಟಿತು. ಹೊಸದುರ್ಗದ ತನಕ ದಾಕ್ಷಾಯಿಣಿ ಮುಂದೆ ಡ್ರೈವರ್ ಪಕ್ಕ ಕೂತಳು, ಶಿಫಾ ಹಿಂದೆ, ಮಷೀನು ಇಡಲು ಹಾಸಿದ್ದ ಗೋಣಿಚೀಲದ ಮೇಲೆ.

ಶುಕ್ರವಾರದ ಸಭೆಯಲ್ಲಿ ಕಾಗದ ಓದಲಾಯಿತು. ಕೆಂಚಕ್ಕನ ಮೇಲಿನ ಠರಾವನ್ನು ಹಿಂದಕ್ಕೆ ತೆಗೆದುಕೊಂಡರು. ಹನ್ನೆರಡು ಮಷೀನಿನ ಆರ್ಡರನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರು. ಇಬ್ಬರು ಸದಸ್ಯರು ಬೇರೆ ಊರಿನ ಕಂಪನಿಗಳ ದರಪಟ್ಟಿ ತರಿಸಬೇಕೆಂದು ಕೇಳಿದರು, ಅದಕ್ಕೂ ಒಪ್ಪಿಗೆ ಸಿಕ್ಕಿತು.

ಶನಿವಾರ ರಹಮತ್ ಉಲ್ಲಾ ಹಳೆಯ ಸ್ಟಾರ್ಟರಿನ ಭಾಗಗಳಿಂದ ಒಂದು ಸಾಧನ ಕಟ್ಟಿದರು. ಅದು ಹೊತ್ತುಗೊತ್ತಿಲ್ಲದೆ ಬೋರ್ಡಿನ ಕರೆಂಟ್ ತೆಗೆದು ಹಾಕುತ್ತಿತ್ತು. ಶಿಫಾ ಲೆಕ್ಕವನ್ನು ಮೂರು ಬೇರೆ ಬೇರೆ ಜಾಗದಲ್ಲಿ ಬರೆಯುವಂತೆ ಮಾಡಿದಳು. ಎದ್ದಾಗ ಮೂರರಲ್ಲಿ ಎರಡು ಕೂಡಿದರೆ ಮುಂದುವರಿಯಬೇಕು. ಕೂಡದಿದ್ದರೆ, ಅಥವಾ ಲೆಕ್ಕ ನಾನೂರ ಮೂವತ್ತೆರಡು ದಾಟಿದ್ದರೆ, ತಟ್ಟೆ ನಿಲ್ಲಿಸಿ ಪೀಪಿ ಊದಬೇಕು, ತಾನಾಗಿ ಸೊನ್ನೆಗೆ ಹೋಗಬಾರದು. ಬಸ್ಸಿನಲ್ಲಿ ಬರೆದ ಪ್ರೋಗ್ರಾಂ ಮೂರು ಸಾವಿರ ಸಲದಲ್ಲಿ ಎರಡು ಸಲ ತಪ್ಪಿತು. ಹೊಸದು ತಪ್ಪಲಿಲ್ಲ. ಶಿಫಾ ಇನ್ನೂ ಹತ್ತು ಸಾವಿರ ಸಲ ಓಡಲು ಬಿಟ್ಟಳು.

ಮತ್ತೋಡಿನಲ್ಲಿ ಇಟ್ಟದ್ದು ತೊಂಬತ್ತಾರು ಮೊಟ್ಟೆ. ಹತ್ತನೇ ದಿನ ಬೆಳಕು ಬಿಟ್ಟು ನೋಡಿ, ಜೀವ ಕಟ್ಟದ ಒಂಬತ್ತನ್ನು ಕೆಂಚಕ್ಕ ತೆಗೆದಿದ್ದಳು. ಉಳಿದ ಎಂಬತ್ತೇಳರಲ್ಲಿ ಸೋಮವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಎಪ್ಪತ್ತನಾಲ್ಕು ಮರಿ ಹೊರಗೆ ಬಂದಿದ್ದವು.